ಎರಡು ಜಾಡಿನ ಗಾಡಿ

ಹೆಣ್ಣು ನೋಡಲು ಹೋದ ಗಂಡು ಬಾಯಿ ಮುಚ್ಚಿಕೊಂಡು ಉಪ್ಪಿಟ್ಟು ತಿಂದು ಬರಬೇಕು ಎಂದು ನನ್ನ ಅವ್ವ ಬಸವಲಿಂಗಮ್ಮ ಚಳ್ಳಕೆರೆಯಲ್ಲಿ ಬಸ್ಸು ಹತ್ತಿದಾಗಿನಿಂದ ಮೊಳಕಾಲ್ಮೂರಿನಲ್ಲಿ ಇಳಿಯುವವರೆಗೆ ನನ್ನ ಕಿವಿಯಲ್ಲಿ ಊದಿದ್ದಳು. ಉಪ್ಪಿಟ್ಟು ತಿಂದೆ. ಬಾಯಿ ಮುಚ್ಚಿಕೊಳ್ಳುವ ಭಾಗ ಮರೆತುಹೋಯಿತು.

ಹುಡುಗಿಯ ಅಪ್ಪ ತಿಪ್ಪೇರುದ್ರಪ್ಪನವರು ರೇಷ್ಮೆ ಸೀರೆ ವ್ಯಾಪಾರಿ. ಮಗ್ಗದಿಂದ ಇಳಿದ ಸೀರೆಯನ್ನು ಬೆಳಕಿಗೆ ಹಿಡಿದು, ಎಲ್ಲೋ ಒಂದೆಳೆ ಸೊಟ್ಟಗಿದ್ದರೆ ಉಗುರಿನಿಂದ ಮುಟ್ಟಿ ತೋರಿಸಿ ವಾಪಸ್ ಕಳಿಸುವ ಮನುಷ್ಯ. ಅವರು ಸುಮ್ಮನೆ ಮಾತಿಗೆ, "ಓಡಾಟಕ್ಕೆ ಏನ್ ಇಟ್ಕೊಂಡೀರಿ?" ಎಂದರು.

"ನಮ್ಮಪ್ಪಾಜಿ ಕಾಲದ ಮೋಟಾರ್ ಸೈಕಲ್ ಐತ್ರಿ. ಹಳೇದು ಅಂತ ಹೆಸ್ರಿಗೆ. ಇವತ್ತಿಗೂ ಹೊಸಾದಂಗೆ ಓಡ್ತೈತೆ" ಎಂದೆ. ಬಾಗಿಲ ಹಿಂದೆ ಹುಡುಗಿ ದಾಕ್ಷಾಯಿಣಿಯ ಬಳೆ ಸದ್ದಾಯಿತು. ಆ ಸದ್ದಿಗೆ ನನ್ನ ಬಾಯಿಂದ ಇನ್ನೊಂದು ಮಾತು ಜಾರಿತು. "ಮುಂದಿನ್ ಸಲ ಅದ್ರಾಗೇ ಬರ್ತೀನ್ರಿ."

ಅವ್ವ ನನ್ನ ಕಾಲು ತುಳಿದಳು. ತುಳಿಯದೆ ಏನು ಮಾಡುತ್ತಾಳೆ? ಆ ಗಾಡಿ ನಮ್ಮ ಗೊಬ್ಬರದ ಅಂಗಡಿಯ ಹಿಂದೆ ಎಷ್ಟೋ ವರ್ಷದಿಂದ ನಿಂತಿತ್ತು, ಅದರ ಸೀಟಿನ ಕೆಳಗೆ ಬೆಕ್ಕು ವರ್ಷವರ್ಷವೂ ಮರಿ ಹಾಕುತ್ತಿತ್ತು. ಹಿಂದಿನ ಚಕ್ರವನ್ನು ಹಿಡಿದುಕೊಳ್ಳುವ ಕಬ್ಬಿಣದ ಜೋಡು ತೋಳು ತುಕ್ಕು ತಿಂದು ಮುರಿದಿತ್ತು. ಓದಿದವರು ಅದನ್ನು ಸ್ವಿಂಗ್ ಆರ್ಮ್ ಎನ್ನುತ್ತಾರೆ, ನಮ್ಮ ಊರಿನ ಮೆಕ್ಯಾನಿಕ್‌ಗಳು ಚಿಮಟಾ ಎನ್ನುತ್ತಾರೆ. ಚಿಮಟಾ ಇಲ್ಲದ ಗಾಡಿ ಓಡುವುದಿಲ್ಲ, ನೂಕಿದರೆ ಬೀಳುತ್ತದೆ.

ಮೆಕ್ಯಾನಿಕ್ ಕೊಟ್ಟೂರಪ್ಪ ಬಂದು ಬೆಕ್ಕನ್ನು ಎಬ್ಬಿಸಿ, ಕುಕ್ಕರಗಾಲಲ್ಲಿ ಕೂತು ನೋಡಿ ತಲೆಯಾಡಿಸಿದ. "ಈ ಮಾಡಲ್ ಚಿಮಟಾ ಈ ಜಲ್ಮದಾಗೆ ಸಿಗಲ್ಲ ಬಿಡ್ರಿ ಸಂಗಮೇಶಣ್ಣ. ಹೊಸ ಮಾಡಲ್ದು ಗುಜರಿಯಾಗೆ ಒಂದು ಐತೆ. ಅದನ್ನೇ ಕೂರಿಸಾನ."

"ಕೂರ್ತೈತಾ?"

"ನಾನು ಕೂರ್ಸಿದ್ ಮ್ಯಾಲೆ ಅದು ಏಳಂಗಿಲ್ಲ. ಫಿಕರ್ ಬ್ಯಾಡ."

ಅವನೊಬ್ಬನೇ ಮಾಡಿದ್ದರೆ ಬಹುಶಃ ನೆಟ್ಟಗಾಗುತ್ತಿತ್ತೋ ಏನೋ. ಆದರೆ ಪಕ್ಕದಲ್ಲಿ ನಾನಿದ್ದೆನಲ್ಲ. ನಾನು ಐಟಿಐ ಮೆಟ್ಟಿಲು ಹತ್ತಿದವನು. ಮೊದಲ ವರ್ಷ ನಾನು ಅರದಿಂದ ಉಜ್ಜಿ ಮಾಡಿದ ಚೌಕದ ತುಂಡನ್ನು ಕೈಯಲ್ಲಿ ಹಿಡಿದು ಮಾಸ್ತರು, "ಇದು ಯಾವ ಆಕಾರನಪ್ಪಾ?" ಎಂದು ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದ್ದರು. ಅವತ್ತೇ ಮೆಟ್ಟಿಲು ಇಳಿದು ಬಂದಿದ್ದೆ. ಆದರೂ ಹತ್ತಿದ್ದು ಹತ್ತಿದ್ದೇ ಅಲ್ಲವೇ?

ಹೊಸ ಚಿಮಟಾದ ಕುತ್ತಿಗೆ ಹಳೇ ಗಾಡಿಯ ಸಂದಿಗಿಂತ ಸಣ್ಣದು. ಎರಡೂ ಕಡೆ ವಾಷರ್ ತುಂಬಿದರೆ ಚೈನು ಓರೆಯಾಗುತ್ತಿತ್ತು. "ಎಲ್ಲಾ ವಾಷರ್ ಒಂದೇ ಕಡಿಗೆ ಹಾಕು" ಎಂದೆ. ಕೊಟ್ಟೂರಪ್ಪ ಹಾಕಿದ. ಚೈನು ಗೆರೆ ಎಳೆದ ಹಾಗೆ ನೆಟ್ಟಗಾಯಿತು. ಇಬ್ಬರೂ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡು ಚಾ ಕುಡಿದೆವು. ಚಕ್ರ ಎಲ್ಲಿಗೆ ಹೋಯಿತು ಎಂದು ಇಬ್ಬರೂ ಕೇಳಲಿಲ್ಲ.

ಚಕ್ರ ನಾಲ್ಕು ಬೆರಳು ಎಡಕ್ಕೆ ಹೋಗಿತ್ತು. ಮುಂದಿನ ಚಕ್ರ ಒಂದು ದಾರಿ ಹಿಡಿದರೆ ಹಿಂದಿನದು ಪಕ್ಕದ ದಾರಿಯಲ್ಲಿ ಬರುತ್ತಿತ್ತು. ಬೆಂಗಳೂರು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದವನೇ ಕೊಟ್ಟೂರಪ್ಪನ ಮೇಲೆ ಹಾರಿದೆ.

"ಲೇ, ಸೊಟ್ಟ ಐತಲ್ಲೋ!"

"ಹಿಂದಿಂದ ನೋಡಿದೋರಿಗೆ ತಾನೆ ಗೊತ್ತಾಗೋದು? ನೀವು ಮುಂದಿಂದ ಹೋಗ್ರಿ" ಎಂದ ಮಹಾನುಭಾವ. ಆಗ ಅದು ನನಗೆ ಬಹಳ ಬುದ್ಧಿವಂತಿಕೆಯ ಮಾತಾಗಿ ಕಂಡಿತು.

ಹೀಗೆ ನಿಶ್ಚಿತಾರ್ಥದ ದಿನ ಗೊತ್ತು ಮಾಡುವ ನೆಪದಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಬ್ಬನೇ ಆ ಗಾಡಿಯಲ್ಲಿ ಹೊರಟೆ. ತಿಪ್ಪೇರುದ್ರಪ್ಪನವರ ಮನೆ ಮೊಳಕಾಲ್ಮೂರು ದಾಟಿದ ಮೇಲೆ, ಟಾರು ರಸ್ತೆಯಿಂದ ಒಳಗೆ, ಹಿಟ್ಟಿನಂಥ ಧೂಳಿನ ಬಂಡಿ ಜಾಡಿನ ಕೊನೆಗಿತ್ತು. ಗೇಟಿನ ಮುಂದೆ ಹಾಸುಬಂಡೆ, ಅದರ ಆಚೆಗೆ ಆಳೆತ್ತರದ ಕಲ್ಲುಗುಂಡುಗಳು. ನಾನು ಗಾಡಿಯನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿದೆ.

ತಿಪ್ಪೇರುದ್ರಪ್ಪನವರು ಮುಂದಿನಿಂದ ನೋಡಿ ಮೆಚ್ಚಿದರು. "ಹಿಂದಿನ ಚಿಮಟಾ ಹೊಸಾದು ಕಂಡಂಗೈತೆ? ಹಳೇ ಗಾಡಿಗೆ ಹೊಸ ಚಿಮಟಾ ಸರಿಯಾಗಿ ಕೂರ್ತೈತೇನ್ರಿ?"

"ಕೂದಲೆಳೆ ವ್ಯತ್ಯಾಸ ಇಲ್ರಿ ಮಾವಾರೆ. ದಾರ ಹಿಡ್ದು ಕೂರ್ಸೀವಿ."

ದಾರ ಎನ್ನುವ ಮಾತು ಕೇಳಿ ಅವರ ಮುಖ ಅರಳಿತು. "ಮನುಷ್ಯನ ಮಾತು, ಮನುಷ್ಯನ ಗಾಡಿ, ಎರಡೂ ನೆಟ್ಟಗಿರ್ಬೇಕು ನೋಡ್ರಿ" ಎಂದು ಒಳಗೆ ಕರೆದುಕೊಂಡು ಹೋದರು. ದಾಕ್ಷಾಯಿಣಿಯ ಅಜ್ಜಿ ಶೇಂಗಾ ಹೋಳಿಗೆ ಮಾಡಿದ್ದಳು. ನನಗೆ ಎಲೆ ಹಾಕಿ, ತುಪ್ಪದ ತಂಬಿಗೆ ಎತ್ತಿದ್ದಳು. ಅಷ್ಟರಲ್ಲಿ ಬಂದ ಜೋಗಪ್ಪ.

ಈ ಜೋಗಪ್ಪ ಆ ಮನೆಯ ಕುರಿ ನೋಡಿಕೊಳ್ಳುವವನು. ಆ ಕಡೆಯ ಹಳ್ಳಿಗಳಲ್ಲಿ ಕುರಿ ಕಳೆದರೆ ಪೊಲೀಸ್ ಸ್ಟೇಷನ್ನಿಗೆ ಹೋಗುವ ಮೊದಲು ಜೋಗಪ್ಪನ ಹತ್ತಿರ ಬರುತ್ತಾರೆ. ನೆಲ ನೋಡಿ, ಯಾರು ಬಂದರು, ಯಾವ ಕಾಲು ಕುಂಟು, ಚೀಲ ಹೊತ್ತಿದ್ದನೋ ಬರಿಗೈಯೋ ಎಲ್ಲ ಹೇಳುತ್ತಾನೆ. ಆಂಧ್ರದ ಗಡಿಯವನು, ಮಾತಿಗೆ ನಾಲ್ಕು ತೆಲುಗು ಸೇರಿಸುತ್ತಾನೆ, ಮುಖ ನೋಡಿ ಮಾತಾಡುವುದಿಲ್ಲ. ಅವತ್ತೂ ನೆಲ ನೋಡಿಕೊಂಡೇ ಬಾಗಿಲಿಗೆ ಬಂದು, "ಇನ್ನೊಬ್ರು ಎಲ್ಲಿ ಸಾಮಿ?" ಎಂದ.

"ಯಾವ ಇನ್ನೊಬ್ರು?" ಎಂದರು ತಿಪ್ಪೇರುದ್ರಪ್ಪನವರು.

"ಎರಡು ಗಾಡಿ ಬಂದಾವೆ. ರೆಂಡು ಜಾಡು. ಎರಡಕ್ಕೂ ಬ್ಯಾರೆ ಬ್ಯಾರೆ ಟೈರು. ಒಂದ್ರ ಪಕ್ಕ ಒಂದು ಅಂಟ್ಕೊಂಡು ಬಂದಾವೆ. ಬಂಡೆ ತನಕ ಐತೆ, ಬಂಡೆ ಮ್ಯಾಲೆ ಜಾಡು ಬೀಳಲ್ಲ. ಎರಡ್ನೇನೋನು ಅಲ್ಲೇ ಗುಂಡಿನ ಮರೆಗೆ ನಿಂತಾನೆ."

ನನಗೆ ಆ ಕ್ಷಣವೇ ಎಲ್ಲ ತಿಳಿಯಿತು. ಸಾಮಾನ್ಯ ಗಾಡಿಯ ಹಿಂದಿನ ಚಕ್ರ ಮುಂದಿನ ಜಾಡಿನ ಮೇಲೇ ಬರುತ್ತದೆ. ನನ್ನದು ತನ್ನದೇ ಜಾಡು ಹಾಕಿಕೊಂಡು ಬಂದಿದೆ. ಒಂದೇ ಮಾತು, "ಗಾಡಿ ಸೊಟ್ಟ ಐತ್ರಿ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕೂದಲೆಳೆಯ ಮಾತು ಇನ್ನೂ ಬಿಸಿಬಿಸಿಯಾಗಿತ್ತು.

"ನಾನು ಒಬ್ನೇ ಬಂದೀನ್ರಿ" ಎಂದೆ.

ಮನೆಯಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ, ಎಲ್ಲರೂ ಜೋಗಪ್ಪನ ಮುಖ ನೋಡಿದರು. ಅವನ ಮಾತಿಗೆ ಆ ಮನೆಯಲ್ಲಿ ಎದುರಿರಲಿಲ್ಲ. ಅಜ್ಜಿ ನನ್ನ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿ, ಹೋಳಿಗೆ ಬಡಿಸಿ, ತುಪ್ಪ ಸುರಿದು, ಹೊಸ್ತಿಲು ದಾಟಿ ಗುಂಡುಗಳ ಕಡೆ ಕೂಗಿದಳು. "ಯಾರಪ್ಪಾ ಅದು, ಬಾರೋ! ಬಾಗ್ಲಿಗೆ ಬಂದೋರು ಉಣ್ದೆ ಹೋದ್ರೆ ಮನೆಗೆ ಏಳಿಗೆ ಇಲ್ಲ! ನಾಚ್ಕೋಬ್ಯಾಡ ಬಾ ನಾಯನಾ!"

ಗುಂಡುಗಳು "ನಾಯನಾ" ಎಂದವು. ಬೇರೆ ಯಾರೂ ಏನೂ ಅನ್ನಲಿಲ್ಲ.

ನಾನು ಆ ತುಂಬಿದ ಎಲೆಯ ಪಕ್ಕದಲ್ಲಿ ಕೂತು ಊಟ ಮಾಡಿದೆ. ಇಲ್ಲದ ಮನುಷ್ಯನ ಪಕ್ಕ ಕೂತು ಉಣ್ಣುವುದು ಎಷ್ಟು ಕಷ್ಟ ಎಂದು ಉಂಡವರಿಗೇ ಗೊತ್ತು. ಎಲ್ಲರೂ ನನ್ನ ತುತ್ತನ್ನು ಎಣಿಸುವಂತೆ ನೋಡುತ್ತಿದ್ದರು. ಹೊರಡುವಾಗ ಅಜ್ಜಿ ಆ ಎಲೆಯನ್ನು ಹಾಗೇ ಮಡಚಿ ದಾರ ಕಟ್ಟಿ ನನ್ನ ಕೈಗಿಟ್ಟಳು. "ಅವ್ರಿಗೆ ಕೊಡಪ್ಪ. ಪಾಪ, ಬಿಸಿಲು ಐತೆ."

ಅಲ್ಲಿಯವರೆಗೂ ನನ್ನ ಮೇಲೆ ತಪ್ಪು ಇರಲಿಲ್ಲ, ಇದ್ದದ್ದೆಲ್ಲ ಚಿಮಟಾದ್ದು. ಮುಂದಿನದು ಮಾತ್ರ ಹೊಟ್ಟೆಯದು. ಬಂಡೆ ದಾಟಿ ಗುಂಡಿನ ಮರೆಗೆ ಬಂದಾಗ ತುಪ್ಪದ ವಾಸನೆ ಬಡಿಯಿತು. ಮನೆಯವರ ಕಣ್ಣಿನ ಕೆಳಗೆ ನನ್ನ ಪಾಲು ಗಂಟಲಲ್ಲಿ ಇಳಿದೇ ಇರಲಿಲ್ಲ. ಗಾಡಿ ನಿಲ್ಲಿಸಿ, ಗುಂಡಿನ ನೆರಳಿಗೆ ಕೂತು, ಹೋಳಿಗೆಯನ್ನೆಲ್ಲ ಮುಗಿಸಿ, ಎಲೆಯನ್ನು ಅಲ್ಲೇ ಎಸೆದು ಹೊರಟೆ. ಊರು ತಲುಪುವವರೆಗೆ ಹಾಡು ಹೇಳಿಕೊಂಡು ಬಂದೆ.

ಮರುದಿನ ಅಂಗಡಿಯ ಫೋನು ಹೊಡೆದುಕೊಂಡಿತು. ತಿಪ್ಪೇರುದ್ರಪ್ಪನವರ ದನಿ ರೇಷ್ಮೆಯ ನುಣುಪು ಬಿಟ್ಟಿತ್ತು.

"ಗುಂಡಿನ ಹಿಂದೆ ಎಲೆ ಸಿಕ್ತು."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಎಲೆ ನೆಕ್ಕಿದಂಗೆ ಉಂಡಾನೆ ಮನುಷ್ಯ. ಅಷ್ಟು ಹಸ್ದಿದ್ದ. ಯಾರ್ರೀ ಅವ್ನು? ಬಡವ್ರೇ ಇರ್ಲಿ, ಹರ್ಕು ಅಂಗಿನೇ ಇರ್ಲಿ, ನಮಗೇನ್ ಬ್ಯಾಸ್ರ ಇಲ್ಲ. ಆದ್ರೆ ತನ್ನ ಜೊತೆಗೆ ಬಂದೋನ್ನ ಬಿಸಿಲಾಗೆ ಕೂಡ್ಸಿ ತಾನು ಒಳಗೆ ಹೋಳಿಗೆ ತಿನ್ನೋನಿಗೆ ಮಗಳ್ನ ಹೆಂಗ್ ಕೊಡ್ಲಿ? ನಾಳೆ ಅವ್ಳನ್ನೂ ಗುಂಡಿನ ಹಿಂದೆ ಕೂಡಿಸಲ್ಲ ಅಂತ ಏನ್ ಗ್ಯಾರಂಟಿ? ನಮ್ಮವ್ವ ರಾತ್ರಿಯೆಲ್ಲ ಅತ್ತಾಳೆ. ನಿಶ್ಚಿತಾರ್ಥ ಸದ್ಯಕ್ಕೆ ಬ್ಯಾಡ."

ದಾಕ್ಷಾಯಿಣಿಯನ್ನು ನಾನು ನೋಡಿದ್ದು ಒಂದೇ ಸಲ, ಕೇಳಿದ್ದು ಬಳೆಯ ಸದ್ದು ಮಾತ್ರ. ಆದರೂ ಅವಳು ಬಿಟ್ಟರೆ ಬೇರೆ ಯಾರೂ ಬೇಡ ಎಂದು ಫೋನಿನ ವೈರು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಾಗ ಗೊತ್ತಾಯಿತು. ನಿಜ ಹೇಳಲು ಅದೇ ಸರಿಯಾದ ಹೊತ್ತು. ಆದ್ದರಿಂದ ಇನ್ನೊಂದು ಸುಳ್ಳು ಹೇಳಿದೆ.

"ತಪ್ಪಾಯ್ತ್ರಿ. ಅವ್ರು ನಮ್ಮ ಸೋದರಮಾವ. ಬಾಳ ನಾಚ್ಕೆ ಸ್ವಭಾವ. ಎಷ್ಟು ಕರೆದ್ರೂ ಒಳಗೆ ಬರ್ಲಿಲ್ಲ."

ಆಚೆ ಕಡೆ ಉಸಿರು ಸ್ವಲ್ಪ ಇಳಿಯಿತು. "ಸೋಮವಾರ ಕರ್ಕೊಂಡು ಬರ್ರಿ. ಅವ್ರಿಗೆ ಎಲೆ ಹಾಕಿದ್ ಮ್ಯಾಲೇ ಮುಂದಿನ ಮಾತು."

ನನ್ನ ಸೋದರಮಾವ ಜಂಬುಲಿಂಗಪ್ಪನ ನಾಚಿಕೆಯ ಬಗ್ಗೆ ಎರಡು ಮಾತು. ಯಾರದೇ ಮದುವೆಯಿರಲಿ, ಮೈಕು ಕಿತ್ತುಕೊಂಡು ಸಾರಿಗೆ ಉಪ್ಪು ಸಾಲದು ಎಂದು ಇಡೀ ಊರಿಗೆ ಸಾರುವ ಗಂಡು ಅವನು. "ಅಲ್ಲಿ ಬಾಯಿ ತೆರೀಬಾರ್ದು ಮಾವ, ತಲೆ ತಗ್ಗಿಸ್ಕೊಂಡು ಉಣ್ಬೇಕು" ಎಂದೆ. "ಹೋಳಿಗೆ ಐತಲ್ಲ?" ಎಂದ. ಐತೆ ಎಂದೆ. ಒಪ್ಪಿಕೊಂಡ. ಯಾಕೆ, ಏನು ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಸೋಮವಾರ ನಾನು ಮುಂದೆ, ಅವನು ತನ್ನ ಮೊಪೆಡ್ ಮೇಲೆ ಪಕ್ಕಕ್ಕೆ. ಧೂಳಿನ ದಾರಿಗೆ ಇಳಿದಾಗ ನನಗೆ ಬಹಳ ಹೆಮ್ಮೆಯಾಯಿತು. ಅವರಿಗೆ ಬೇಕಾದದ್ದು ಇಬ್ಬರು, ಬಂದವರು ಇಬ್ಬರು. ಇನ್ನು ಜೋಗಪ್ಪ ಎಷ್ಟು ಬೇಕಾದರೂ ನೆಲ ನೋಡಲಿ. ಐಟಿಐ ಬಿಡಿಸಿದ ಮಾಸ್ತರು ಇದ್ದಿದ್ದರೆ ಈ ಬುದ್ಧಿ ನೋಡಿ ಕೈ ಮುಗಿಯುತ್ತಿದ್ದರು.

ಮಾವ ತಲೆ ತಗ್ಗಿಸಿ ಒಳಗೆ ಬಂದ. ಎಲ್ಲರೂ ಕರಗಿಹೋದರು. ಅಜ್ಜಿ ಅವನ ಬೆನ್ನು ಸವರಿ ಬಡಿಸಿದಳು. "ಉಣ್ಣಪ್ಪ, ಸಂಕೋಚ ಬ್ಯಾಡ. ಅವತ್ತು ಗುಂಡಿನ ಹಿಂದೆ ಕೂತು ಎಲೆ ನೆಕ್ಕಿದಂಗೆ ಉಂಡ್ಯಲ್ಲ, ನನ್ನ ಕರುಳು ಕಿವುಚಿದಂಗಾತು."

ಮಾವನ ಕೈ ಬಾಯಿಯ ಹತ್ತಿರ ನಿಂತಿತು. ತಲೆ ಮೇಲೆದ್ದಿತು. "ನಾನು? ಗುಂಡಿನ ಹಿಂದೆ?"

ನಾನು ಎಲೆಯ ಕೆಳಗಿನಿಂದ ಅವನ ತೊಡೆ ಚಿವುಟಿದೆ. ಅವನು ಹೋಳಿಗೆ ನುಂಗಿದ, ಆದರೆ ಕಣ್ಣಲ್ಲಿ "ಮನಿಗೆ ಬಾ ಮಗನೆ" ಎಂದು ಬರೆದಿತ್ತು. ತಿಪ್ಪೇರುದ್ರಪ್ಪನವರು ಮಾತ್ರ ಸಮಾಧಾನವಾಗಿ ನಿಶ್ಚಿತಾರ್ಥದ ದಿನ ಹೇಳಲು ಎಲೆಯಡಿಕೆ ತಟ್ಟೆ ಮುಂದಕ್ಕೆ ಎಳೆದರು. ಒಳಗೆ ಬಳೆ ಸದ್ದಾಯಿತು. ನಾನು ಗೆದ್ದಿದ್ದೆ.

ಬಾಗಿಲಲ್ಲಿ ಜೋಗಪ್ಪ ನಿಂತಿದ್ದ. ನೆಲ ನೋಡುತ್ತಿದ್ದ.

"ಇವತ್ತು ಮೂರು ಜಾಡು ಸಾಮಿ."

ನನ್ನದು ಎರಡು, ಮಾವನದು ಒಂದು. ಲೆಕ್ಕದಲ್ಲಿ ನಾನು ಚಿಕ್ಕಂದಿನಿಂದಲೂ ಹಿಂದೆ, ಆದರೆ ಒಂದಕ್ಕೆ ಎರಡು ಕೂಡಿಸುವಾಗ ಮೋಸ ಹೋಗುವಷ್ಟು ಎಂದು ಗೊತ್ತಿರಲಿಲ್ಲ. ಅಜ್ಜಿ "ಅಯ್ಯೋ ನನ್ನ ಶಿವನೇ" ಎಂದು ಮೂರನೇ ಎಲೆ ಹಾಸಿದಳು. ತಿಪ್ಪೇರುದ್ರಪ್ಪನವರು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು.

"ಯಾರ್ರೀ ಅವ್ನು ಮೂರ್ನೇನೋನು?"

"ಯಾರೂ ಇಲ್ರಿ..."

"ಹೋದ್ ಸಲಾನೂ ಇದೇ ಅಂದ್ರಿ. ಆಮೇಲೆ ಸೋದರಮಾವ ಬಂದ್ರು. ಈಗ ಯಾರು ಬರ್ತಾರೆ, ದೊಡ್ಡಪ್ಪಾನಾ? ಏನ್ರೀ ನೀವು, ಹತ್ತಿರದೋರ್ನೆಲ್ಲ ಗುಂಡಿನ ಹಿಂದೆ ಇಡ್ತೀರಾ?"

ನನ್ನ ಮಾವನಾದರೂ ನನ್ನ ಪರ ನಿಲ್ಲಬೇಕಿತ್ತು. ಅವನು ನನ್ನ ಕಡೆ ತಿರುಗಿದ. "ಲೇ ಸಂಗ್ಯಾ, ನಿಜ ಬೊಗಳು. ಯಾರನ್ನ ಕರ್ಕೊಂಡು ಬಂದೀಯ? ದಾರ್ಯಾಗೆ ನನಗೂ ಯಾರೋ ಹಿಂದೆ ಬಂದಂಗೆ ಆಗ್ತಿತ್ತು. ಮತ್ತೆ ನನ್ನ ಯಾವಾಗ್ಲೋ ಗುಂಡಿನ ಹಿಂದೆ ಕೂಡ್ಸಿದ್ದೆ? ಇವ್ರಿಗೆ ನಾನು ಎಲೆ ನೆಕ್ಕಿದೆ ಅಂತ ಹೇಳೀಯಾ? ಈ ಜಂಬುಲಿಂಗಪ್ಪ ಚಳ್ಳಕೆರ್ಯಾಗೆ ತಲೆ ಎತ್ಕೊಂಡು ತಿರುಗೋನು!"

"ಹಂಗಾದ್ರೆ ಅವತ್ತು ಬಂದೋರು ನೀವಲ್ವಾ?" ಎಂದರು ತಿಪ್ಪೇರುದ್ರಪ್ಪನವರು.

"ನಾನು ಈ ಮನೆ ಹೊಸ್ತಿಲು ತುಳೀತಿರೋದೇ ಇವತ್ತು!"

ನಾಚಿಕೆ ಸ್ವಭಾವದವನ ಈ ಗರ್ಜನೆಗೆ ಹೊರಗಿನ ಕುರಿಗಳು ಬೆದರಿ ಚೆದರಿದವು. ಜೋಗಪ್ಪ ಕೋಲು ಹಿಡಿದು ಗುಂಡುಗಳನ್ನು ಸುತ್ತಲು ಓಡಿದ. ತಿಪ್ಪೇರುದ್ರಪ್ಪನವರು ಎದ್ದು ನಿಂತು ಕೈ ಮುಗಿದರು. "ಸಾಕ್ರಿ. ಮಾತು ಸೊಟ್ಟ ಇರೋ ಮನೆಗೆ ನಾವು ಹೆಣ್ಣು ಕೊಡಲ್ಲ. ಹೋಗಿ ಬರ್ರಿ."

ನಾನು ಚಪ್ಪಲಿ ಹುಡುಕುತ್ತಿದ್ದೆ. ಕಣ್ಣು ಮಂಜಾಗಿ ಮಾವನ ಚಪ್ಪಲಿ ಹಾಕಿಕೊಂಡಿದ್ದೆ. ಆಗ ಬಾಗಿಲ ಹಿಂದಿನ ಬಳೆ ಹೊರಗೇ ಬಂತು.

"ಅಪ್ಪಾಜಿ, ಅವ್ರನ್ನ ಒಂದ್ಸಲ ಕಣದಾಗೆ ಗಾಡಿ ಓಡ್ಸೋಕೆ ಹೇಳು" ಎಂದಳು ದಾಕ್ಷಾಯಿಣಿ. "ಎರಡೂ ಸಲ ನಾನು ಕಿಟಕ್ಯಾಗಿಂದ ನೋಡೀನಿ. ಅವ್ರು ಗಾಡಿ ಬೆನ್ನು ಗೋಡೆಗೆ ಮಾಡೇ ನಿಲ್ಲಿಸ್ತಾರೆ. ಬೆನ್ನಾಗೆ ಏನೋ ಐತೆ."

ಮನೆಯ ಹಿಂದೆ ಶೇಂಗಾ ಒಕ್ಕಲು ಕಣ ಮಾಡಿದ್ದರು. ಗುಡಿಸಿ, ನೀರು ಚಿಮುಕಿಸಿ, ಸಗಣಿ ಸಾರಿಸಿ, ಮೇಲೆ ಸಣ್ಣ ಧೂಳು ಕೂತ ನೆಲ. ಕಣದೊಳಗೆ ಮೆಟ್ಟು ಹಾಕಿಕೊಂಡು ಹೋಗಬಾರದು. ಅಜ್ಜಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ಮೆಟ್ಟು ಬಿಡಪ್ಪ" ಎಂದಳು. ಮಾವನ ಚಪ್ಪಲಿ ಕಳಚಿ ಬರಿಗಾಲಲ್ಲಿ ಗಾಡಿಯನ್ನು ಒದ್ದೆ. ಕಿಕ್ಕರು ತಿರುಗಿ ಬಂದು ಮೊಳಕಾಲಿಗೆ ಹೊಡೆಯಿತು. ಯಾರೂ ಅಯ್ಯೋ ಎನ್ನಲಿಲ್ಲ.

ಕೊನೆಯ ಪ್ರಯತ್ನ ಎಂದು ಗಾಡಿಯನ್ನು ಅಂಕುಡೊಂಕಾಗಿ ಓಡಿಸಲು ಶುರು ಮಾಡಿದೆ. ಗೆರೆಗಳು ಒಂದರ ಮೇಲೊಂದು ಬಿದ್ದು ಗೋಜಲಾದರೆ ಯಾರಿಗೆ ಗೊತ್ತಾಗುತ್ತದೆ ಎಂದು.

"ನೆಟ್ಟಗೆ ಓಡಿಸ್ರಿ" ಎಂದಳು ದಾಕ್ಷಾಯಿಣಿ. ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು.

ನೆಟ್ಟಗೆ ಓಡಿಸಿದೆ. ಕಣದ ಆ ತುದಿಗೆ ಹೋಗಿ ಗಾಡಿ ನಿಲ್ಲಿಸಿ, ಹಿಂತಿರುಗಿ ನೋಡುವ ಧೈರ್ಯವಿಲ್ಲದೆ ಹಾಗೇ ಕೂತೆ. ತಿಪ್ಪೇರುದ್ರಪ್ಪನವರು ಮೊಣಕಾಲೂರಿ, ಸೀರೆಯ ಅಂಚು ನೋಡುವಂತೆ ಒಂದು ಕಣ್ಣು ಮುಚ್ಚಿ, ನೆಲಕ್ಕೆ ಕೆನ್ನೆ ತಾಗಿಸಿ ನೋಡಿದರು. ಎರಡು ಗೆರೆ. ಉಗುರಿನಿಂದ ಒಂದನ್ನು ಮುಟ್ಟಿದರು, ಆಮೇಲೆ ಇನ್ನೊಂದನ್ನು.

"ಎಷ್ಟೈತ್ರಿ ಇದು?"

"ನಾಲ್ಕು ಬೆರಳು" ಎಂದೆ.

"ಕೂದಲೆಳೆ ಅಂದಿದ್ರಿ."

"ಕೂದಲು ಒಸಿ ದಪ್ಪ ಐತ್ರಿ ಮಾವಾರೆ." ಆಮೇಲೆ ತಡೆಯಲಾಗಲಿಲ್ಲ. "ಗಾಡಿ ಸೊಟ್ಟ ಐತೆ. ನಾನೇ ವಾಷರ್ ಒಂದ್ ಕಡಿಗೆ ಹಾಕ್ಸಿದ್ದು. ನಿಮ್ಮ ಮುಂದೆ ಸೊಟ್ಟ ಅನ್ನೋಕೆ ಬಾಯಿ ಬರ್ಲಿಲ್ಲ. ನಿಮ್ಮ ಮಗಳು ಸಿಗಲ್ಲ ಅಂತ ಭಯ ಆತು. ಯಾರನ್ನೂ ಬಿಸಿಲಾಗೆ ಕೂಡ್ಸಿಲ್ಲ ನಾನು, ದೇವರಾಣೆ."

"ಮತ್ತೆ ಆ ಎಲೆ?" ಎಂದಳು ಅಜ್ಜಿ. "ಆ ಹೋಳಿಗೆ ಯಾರು ತಿಂದ್ರು?"

"ನಾನೇ ಅಜ್ಜಿ. ಒಳಗೆ ನೀವೆಲ್ಲ ನೋಡ್ತಿದ್ರಿ, ಸರಿಯಾಗಿ ಉಣ್ಣೋಕೆ ಆಗ್ಲಿಲ್ಲ."

ಅಜ್ಜಿ ನಾನು ಹೇಳಿದ್ದು ಸರಿಯಾಗಿ ಕೇಳಿಸಿತೇ ಎಂದು ಮೊಮ್ಮಗಳ ಕಡೆ ನೋಡಿ, ಆಮೇಲೆ ಬೊಚ್ಚು ಬಾಯಿ ತೆರೆದು ನಕ್ಕಳು. "ನಾನು ಮಾಡಿದ್ ಹೋಳಿಗೆನ ಕದ್ದು ತಿಂದಾನಲ್ಲೇ! ಈ ಮನ್ಯಾಗೆ ಒಬ್ರೂ ಎರಡನೇದು ಕೇಳಲ್ಲ. ಕೊಟ್ಬಿಡಪ್ಪಾ ಹುಡುಗಿನ!"

ಗುಂಡು ಸುತ್ತಿ ಬರಿಗೈಯಲ್ಲಿ ಬಂದ ಜೋಗಪ್ಪ ಮಾತ್ರ ಒಪ್ಪಲಿಲ್ಲ. ಕಣದ ಗೆರೆಗಳನ್ನು ನೋಡಿದ, ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ, ಮುಂದಿನ ಚಕ್ರ ಮುಟ್ಟಿದ, ಹೊಸ ಚಿಮಟಾ ಮುಟ್ಟಿದ. "ಮುಂದೆ ಇರೋದು ಒಂದು ಗಾಡಿ. ಹಿಂದೆ ಇರೋದು ಇನ್ನೊಂದು ಗಾಡಿ. ನಾನು ಎರಡು ಅಂದಿದ್ದು ತಪ್ಪೇನ್ ಸಾಮಿ?" ಎಂದ.

ತಿಪ್ಪೇರುದ್ರಪ್ಪನವರು ಮೊಣಕಾಲಿನ ಧೂಳು ಕೊಡವಿಕೊಂಡು ಎದ್ದರು. "ಸೊಟ್ಟ ನೇಯ್ದಿದ್ದನ್ನ ನಾನು ವಾಪಸ್ ಕಳಿಸೋನು. ಆದ್ರೆ ಸೊಟ್ಟ ಅಂತ ನೇಕಾರನೇ ಬಾಯಿ ಬಿಟ್ಟು ಹೇಳಿದ್ದು ಇದೇ ಮೊದ್ಲು" ಎಂದು ತಟ್ಟೆ ತರಲು ಒಳಗೆ ಹೋದರು. ಮಾವ ಆಗಲೇ ಮೂರನೇ ಎಲೆಯ ಮುಂದೆ ಕೂತಿದ್ದ.

ಮದುವೆಯಾಯಿತು. ಮದುವೆಯಲ್ಲಿ ಮಾವ ಮೈಕು ಹಿಡಿದು ಈ ಕಥೆಯನ್ನೆಲ್ಲ ಸಾರಿದ್ದೂ ಆಯಿತು. ಇನ್ನಾದರೂ ಮರ್ಯಾದೆಯಿಂದ ಇರೋಣವೆಂದು, ಚಿಮಟಾ ನೆಟ್ಟಗೆ ಮಾಡಿಸಲು ಗಾಡಿಯನ್ನು ಕೊಟ್ಟೂರಪ್ಪನ ಹತ್ತಿರ ಹೊರಡಿಸಿದೆ. ದಾಕ್ಷಾಯಿಣಿ ಬಾಗಿಲಿಗೆ ಅಡ್ಡ ನಿಂತಳು.

"ಇರ್ಲಿ ಬಿಡ್ರಿ. ಅದ್ರಿಂದಾನೇ ಅಲ್ವಾ ನಾವಿಬ್ರೂ ಮಾತಾಡಿದ್ದು?"

ನನ್ನ ಕಣ್ಣು ತುಂಬಿ ಬಂತು. ಎಂಥ ಹೆಂಡತಿ, ಎಂಥ ಪ್ರೀತಿ ಎಂದು ಅವ್ವನ ಮುಂದೆ ಹೇಳಿಕೊಂಡೆ. ಅವ್ವ ಸೊಸೆಯ ಮುಖ ನೋಡಿ ನಕ್ಕಳು.

ಸ್ವಲ್ಪ ದಿನದ ಮೇಲೆ ಒಂದು ಸಂಜೆ ಮನೆಗೆ ತಡವಾಗಿ ಬಂದು, "ಅಂಗಡ್ಯಾಗೆ ಸ್ಟಾಕ್ ಬಂದಿತ್ತು, ಅಲ್ಲಿಂದ ನೆಟ್ಟಗೆ ಬಂದೆ" ಎಂದೆ. ದಾಕ್ಷಾಯಿಣಿ ಚಾ ಲೋಟ ಕೈಗಿಟ್ಟು, "ಎಣ್ಣೆ ಮಿಲ್ ಹಿಂದೆ ಇಸ್ಪೀಟು ಹೆಂಗಿತ್ರಿ?" ಎಂದಳು. ಮಿಲ್ಲಿನ ಹಿಂದಿನ ಓಣಿ ಪೂರಾ ಧೂಳು, ಅವಳು ಸಂತೆಗೆ ಹೋಗುವುದು ಅದೇ ಓಣಿಯಲ್ಲಿ, ಇಡೀ ಚಳ್ಳಕೆರೆ ತಾಲ್ಲೂಕಿನಲ್ಲಿ ಒಬ್ಬನೇ ಹೋದರೂ ಎರಡು ಜಾಡು ಬಿಡುವ ಗಂಡಸು ನಾನೊಬ್ಬನೇ. ಇದೆಲ್ಲ ನನಗೆ ಹೊಳೆದದ್ದು ಆಮೇಲೆ.

"ಯಾರು ಹೇಳಿದ್ರು ನಿಂಗೆ?" ಎಂದು ಗದರಿದೆ.

"ನಿಮ್ಮ ಜೊತೆಗೆ ಬಂದಿದ್ರಲ್ಲ, ಅವ್ರು" ಎಂದು ಅವಳು ಬಾಗಿಲ ಕಡೆ ಕೈ ತೋರಿಸಿ, ಪಕ್ಕದಲ್ಲಿ ಇನ್ನೊಂದು ಲೋಟ ಚಾ ತಂದಿಟ್ಟಳು.

ನಾನು ಎರಡನ್ನೂ ಕುಡಿದೆ.